ಬಡ ಸಂಸ್ಥಾನ, ದೊಡ್ಡ ಕಟ್ಟೆಗಳು: ದುಡ್ಡು ಎಲ್ಲಿಂದ ಬಂತು?



ಕಳೆದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಮ್ಮ ಸಂಘದ ಮೂರು ಕುಟುಂಬಗಳು ಸೇರಿ ಎರಡು ವ್ಯಾನ್ ಮಾಡಿಕೊಂಡು ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್ಸಿಗೆ ಹೋಗಿದ್ದೆವು. ದಾರಿಗೆ ಪುಳಿಯೋಗರೆ, ಮೊಸರನ್ನ, ಹುಡುಗರಿಗೆ ಚಕ್ಕುಲಿ. ವೇಗಸ್ಸಿನಲ್ಲಿ ಕಳೆದುಕೊಂಡ ದುಡ್ಡಿನ ವಿಷಯ ಇಲ್ಲಿ ಬೇಡ. ಮರುದಿನ ಬೆಳಿಗ್ಗೆ ಹೂವರ್ ಅಣೆಕಟ್ಟು ನೋಡಲು ಹೋದೆವು. ಮೇಲಿನಿಂದ ಬಗ್ಗಿ ನೋಡಿ ಹೌಹಾರಿ, ಫೋಟೋ ತೆಗೆಸಿಕೊಂಡು, ಗೈಡ್ ಹೇಳುವುದನ್ನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದಾಗ ಆತ ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. 1928ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಅಣೆಕಟ್ಟಿಗೆ ಕಾನೂನು ಮಾಡಿದಾಗ ಒಂದು ಷರತ್ತು ಹಾಕಿತ್ತಂತೆ. ಇಲ್ಲಿ ಹುಟ್ಟುವ ವಿದ್ಯುತ್ತನ್ನು ಕೊಳ್ಳುತ್ತೇವೆ, ಕಟ್ಟಿದ ಖರ್ಚು ಬಡ್ಡಿಸಮೇತ 50 ವರ್ಷದಲ್ಲಿ ತೀರುವಂತೆ ದುಡ್ಡು ಕೊಡುತ್ತೇವೆ ಎಂದು ಗಿರಾಕಿಗಳು ಮೊದಲು ಸಹಿ ಹಾಕಬೇಕು. ಆಮೇಲೆ ಕೆಲಸಕ್ಕೆ ಹಣ ಬಿಡುಗಡೆ. 1930ರಲ್ಲಿ ಲಾಸ್ ಏಂಜಲೀಸ್ ನಗರ ಮತ್ತು ಇಲ್ಲಿನ ವಿದ್ಯುತ್ ಕಂಪನಿ ಸಹಿ ಹಾಕಿದವು. 1987ರ ಹೊತ್ತಿಗೆ ಸಾಲ ಚುಕ್ತಾ ಆಯಿತು.

ಪಕ್ಕದಲ್ಲಿದ್ದ ನಮ್ಮ ಮಂಡ್ಯದ ಮಿತ್ರರು, "ನಮ್ಮ ಕನ್ನಂಬಾಡಿ ಕಟ್ಟೆ ಇದಕ್ಕಿಂತ ಹಳೇದು ಕಣ್ರೀ" ಎಂದರು. ನಿಜ. ಇಲ್ಲಿ ಕೆಲಸ ಶುರುವಾದದ್ದು 1931ರಲ್ಲಿ. ಅಲ್ಲಿ ಇಪ್ಪತ್ತು ವರ್ಷ ಮೊದಲೇ. ಆಗ ಅವರ ಮಗಳು, ಹನ್ನೆರಡು ವರ್ಷದವಳು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಕೇಳಿದಳು: "ಅಂಕಲ್, ಹಾಗಾದ್ರೆ ಅದಕ್ಕೆ ದುಡ್ಡು ಯಾರು ಕೊಟ್ರು? ಮೈಸೂರು ಅಷ್ಟು ರಿಚ್ ಆಗಿತ್ತಾ?"

ಅವಳಪ್ಪ ಮಹಾರಾಜರ ಮನೆಯ ಒಡವೆ ಮಾರಿದ ಕಥೆ ಹೇಳಿದರು. ಆ ಕಥೆ ನಮಗೆಲ್ಲ ಗೊತ್ತು, ಹೇಳುವುದಕ್ಕೂ ಕೇಳುವುದಕ್ಕೂ ಚೆನ್ನಾಗಿದೆ. ಆದರೆ ಸಂಸಾರ ಮಾಡಿದವರಿಗೆ ಗೊತ್ತಿರುವಂತೆ, ಒಡವೆ ಮಾರಿ ಒಂದು ಮದುವೆ ಮಾಡಬಹುದು, ಇಪ್ಪತ್ತು ವರ್ಷ ಸಾವಿರಾರು ಆಳುಗಳಿಗೆ ಕೂಲಿ ಬಟವಾಡೆ ಮಾಡಲಾಗುವುದಿಲ್ಲ. ಹುಡುಗಿಗೆ ಸರಿಯಾದ ಉತ್ತರ ಕೊಡಲು ನನಗೂ ಆಗಲಿಲ್ಲ. ಊರಿಂದ ತಂದಿದ್ದ ಹಳೆಯ ಪುಸ್ತಕಗಳನ್ನು ಚಳಿಗಾಲದಲ್ಲಿ ಕೆಳಗಿಳಿಸಿ ಧೂಳು ಕೊಡವಿ ಓದಿದೆ. ಅದರ ಫಲ ಈ ಲೇಖನ. ನಾಲ್ಕು ಹಾಳೆ ಮೀರಿದರೆ ಜೆರಾಕ್ಸ್ ಖರ್ಚು ನನ್ನದೇ ಎಂದು ಸಂಪಾದಕರು ಎಚ್ಚರಿಸಿದ್ದಾರೆ. ವಿಷಯಕ್ಕೆ ತಕ್ಕ ಎಚ್ಚರಿಕೆಯೇ!

ಮೊದಲು ಹುಡುಗಿಯ ಎರಡನೆಯ ಪ್ರಶ್ನೆ. ಮೈಸೂರು ಶ್ರೀಮಂತವಾಗಿರಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು 1876ರಿಂದ 78ರವರೆಗಿನ ಮಹಾಕ್ಷಾಮ, ಧಾತು ಈಶ್ವರ ಸಂವತ್ಸರಗಳ ಬರ. ನಮ್ಮ ಮುತ್ತಜ್ಜಿಯರ ಕಾಲದವರು ಅದನ್ನು ನೆನೆಸಿಕೊಂಡು ಅನ್ನ ಚೆಲ್ಲಿದ ಮಕ್ಕಳಿಗೆ ಬೈಯುತ್ತಿದ್ದರು. ಐವತ್ತು ವರ್ಷದ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ, ರಾಜ್ಯದ ಜೊತೆಗೆ ಸುಮಾರು 80 ಲಕ್ಷ ರೂಪಾಯಿಯ ಬರಗಾಲದ ಸಾಲವೂ ಬಂತು. ಸಂಸ್ಥಾನದ ವರಮಾನ ಆಗ ವರ್ಷಕ್ಕೆ ಒಂದು ಕೋಟಿಯ ಆಸುಪಾಸು. ಅದರಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಬ್ರಿಟಿಷರಿಗೆ ಪೊಗದಿ. ಟಿಪ್ಪು ಸತ್ತ ವರ್ಷ, 1799ರಲ್ಲಿ, ಒಪ್ಪಂದದಲ್ಲಿ ಬರೆಸಿಕೊಂಡದ್ದು. ಹೊಸ ಒಪ್ಪಂದದಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದ ಕಾರಣ ಕೆಲವು ವರ್ಷ ಮುಂದೂಡಿ, 1896ರಿಂದ ಏರಿಸಿದ್ದನ್ನೇ ವಸೂಲು ಮಾಡಿದರು. ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟದ್ದು 1928ರಲ್ಲಿ.

ಅಂದರೆ ಪ್ರತಿ ವರ್ಷ ಬಜೆಟ್ಟಿಗೆ ಕೂರುವ ಮೊದಲೇ ನಾಲ್ಕು ರೂಪಾಯಿಗೆ ಹೆಚ್ಚುಕಡಿಮೆ ಒಂದು ರೂಪಾಯಿ ಹೊರಗೆ ಹೋಗುತ್ತಿತ್ತು. ಉಳಿದುದರಲ್ಲಿ ರಸ್ತೆ, ಶಾಲೆ, ಆಸ್ಪತ್ರೆ, ಕೆರೆ ದುರಸ್ತಿ, ನೌಕರರ ಸಂಬಳ, ಸಾಲದ ಬಡ್ಡಿ. ಇಂದು ವಿಶ್ವಬ್ಯಾಂಕಿನವರು "ಕಡಿಮೆ ಆದಾಯದ ದೇಶ" ಎಂದು ಯಾವುದನ್ನು ಕರೆಯುತ್ತಾರೋ ಅದಕ್ಕೆ ಬೇಕಾದ ಎಲ್ಲ ಲಕ್ಷಣಗಳೂ ಇದ್ದ ರಾಜ್ಯ ಅದು. ಅಂಥ ರಾಜ್ಯ ದೊಡ್ಡ ಕೆಲಸಕ್ಕೆ ಕೈಹಾಕಿ ಎಡವಿದರೆ ಎದ್ದು ನಿಲ್ಲಲು ಎರಡನೆಯ ಕಾಲಿರುವುದಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ 1883ರಲ್ಲಿ ಅಧಿಕಾರಕ್ಕೆ ಬಂದು ಹದಿನೆಂಟು ವರ್ಷ ಇದ್ದರು. ಬೆಂಗಳೂರಿನಲ್ಲಿ ಅವರ ಹೆಸರಿನ ಶೇಷಾದ್ರಿಪುರಂ ಇದೆ, ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಮತ್ತು ಸ್ಮಾರಕ ಕಟ್ಟಡ ಇವೆ. ಆದರೆ ವಿಶ್ವೇಶ್ವರಯ್ಯನವರ ಹೆಸರು ಬಂದಾಗ ನಮ್ಮವರ ಕಣ್ಣು ಅರಳುವಂತೆ ಅಯ್ಯರ್ ಹೆಸರಿಗೆ ಅರಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದೊಂದು ಅನ್ಯಾಯ. ಹೂವರ್ ಕಟ್ಟೆಯ ಗೈಡ್ ಹೇಳಿದ ಆ ಷರತ್ತನ್ನು, ಯಾವ ಕಾಂಗ್ರೆಸ್ಸೂ ಹೇಳದೆ, ಮೂವತ್ತು ವರ್ಷ ಮೊದಲೇ ಪಾಲಿಸಿ ತೋರಿಸಿದವರು ಅಯ್ಯರ್.

ಸಂಗತಿ ಹೀಗೆ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. ಆ ನೀರಿನಿಂದ ವಿದ್ಯುತ್ ತೆಗೆಯಬಹುದು ಎಂಬ ಮಾತು 1890ರ ದಶಕದಲ್ಲಿ ಎದ್ದಿತು. ಆದರೆ ತೆಗೆದು ಯಾರಿಗೆ ಮಾರುವುದು? ಮೈಸೂರು ಬೆಂಗಳೂರುಗಳಲ್ಲಿ ಹರಳೆಣ್ಣೆ, ಸೀಮೆಎಣ್ಣೆ ದೀಪಗಳ ಕಾಲ. ವಿದ್ಯುತ್ ಬೇಕು ಎಂದು ಕೇಳಿದವರೇ ಇಲ್ಲ. ಇಡೀ ಸಂಸ್ಥಾನದಲ್ಲಿ ಅಷ್ಟು ಶಕ್ತಿಯನ್ನು ಕೊಳ್ಳಬಲ್ಲ, ಕೊಂಡು ದುಡ್ಡು ಕೊಡಬಲ್ಲ ಗಿರಾಕಿ ಇದ್ದದ್ದು ಒಂದೇ ಕಡೆ: ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ನೋಡಿಕೊಳ್ಳುತ್ತಿದ್ದ ಆ ಗಣಿಗಳು ಆಗ ಉಗಿಯಂತ್ರಗಳಲ್ಲಿ ನಡೆಯುತ್ತಿದ್ದವು. ದೂರದಿಂದ ತರಿಸಿದ ಕಲ್ಲಿದ್ದಲು, ಸುತ್ತಲ ಕಾಡಿನ ಸೌದೆ, ಎರಡೂ ದುಬಾರಿ. ಗಣಿಗೆ ಅಗ್ಗದ ಶಕ್ತಿ ಬೇಕಿತ್ತು, ಸರ್ಕಾರಕ್ಕೆ ಗಿರಾಕಿ ಬೇಕಿತ್ತು. ನಡುವೆ 92 ಮೈಲಿ ಇತ್ತು.

ಲೋಟ್‌ಬಿನಿಯೇರ್ ಎಂಬ ಕೆನಡಾ ಮೂಲದ ಸೇನಾ ಇಂಜಿನಿಯರು ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಅವರನ್ನು ಯೂರೋಪು, ಅಮೆರಿಕಗಳಿಗೆ ಕಳಿಸಿ ಇಷ್ಟು ದೂರ ವಿದ್ಯುತ್ ಸಾಗಿಸಬಹುದೇ ಎಂದು ವಿಚಾರಿಸಿಕೊಂಡು ಬರಲು ಹೇಳಿದರು. ಗಣಿಯವರೊಂದಿಗೆ ಕರಾರು ಮಾಡಿಕೊಂಡರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ರೈಲು ಇಳಿದ ಮೇಲೆ ಕಾಡುದಾರಿಯಲ್ಲಿ ಅವನ್ನು ಎಳೆದದ್ದು ಎತ್ತುಗಳು ಮತ್ತು ಆನೆಗಳು. 1902ರ ಜೂನ್ 30ರಂದು ಕೋಲಾರದ ಗಣಿಗೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ನೋಡಲಿಲ್ಲ; 1901ರಲ್ಲೇ ತೀರಿಕೊಂಡಿದ್ದರು.

ಇಲ್ಲೊಂದು ಮಾತು ಸೇರಿಸಬೇಕು. ಆ ತಂತಿ ಪ್ರಪಂಚದಲ್ಲೇ ಉದ್ದದ್ದು ಎಂದು ನಮ್ಮ ಅನೇಕ ಪುಸ್ತಕಗಳು ಬರೆಯುತ್ತವೆ. ನಾವಿರುವ ಈ ಕ್ಯಾಲಿಫೋರ್ನಿಯಾದಲ್ಲೇ 1901ರಲ್ಲಿ ಕೋಲ್ಗೇಟ್ ಎಂಬಲ್ಲಿಂದ ಓಕ್ಲೆಂಡಿಗೆ 142 ಮೈಲಿ ತಂತಿ ಎಳೆದಿದ್ದರು. ಹೆಮ್ಮೆಪಡಲು ಇನ್ನೂ ಬೇಕಾದಷ್ಟು ಇರುವಾಗ ಈ ಒಂದು ಕಿರೀಟ ಹೋದರೆ ನಷ್ಟವಿಲ್ಲ.

ಗಣಿ ಕಟ್ಟುತ್ತಿದ್ದ ಬಿಲ್ಲಿನಿಂದ ವಿದ್ಯುತ್ ಕೇಂದ್ರ ತನ್ನ ಕಾಲ ಮೇಲೆ ನಿಂತಿತು, ಖಜಾನೆಗೆ ವರಮಾನ ತಂದಿತು. ಅದನ್ನು ಕಂತು ಕಂತಾಗಿ ವಿಸ್ತರಿಸಿದರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ನಾವೆಲ್ಲ ಹೇಳಿಕೊಳ್ಳುವುದು ಈ ಬೀದಿದೀಪವನ್ನೇ. ಆದರೆ ಬೆಂಗಳೂರಿಗೆ ದೀಪ ಹಾಕಲೆಂದು ಕೇಂದ್ರ ಕಟ್ಟಿದ್ದರೆ ಅದು ಮುಳುಗುತ್ತಿತ್ತು. ಇದರಲ್ಲಿ ಒಂದು ಕಹಿಯೂ ಇದೆ, ಮುಚ್ಚಿಡಬಾರದು. ಕಾವೇರಿಯ ಶಕ್ತಿ ಮೊದಲು ಹೋದದ್ದು ರೈತನ ಮನೆಗಲ್ಲ, ಲಂಡನ್ನಿನ ಷೇರುದಾರರಿಗೆ ಚಿನ್ನ ತೆಗೆದುಕೊಡುವ ಗಣಿಗೆ. ಕೊಡುವವನು ಯಾರೋ ಅವನಿಗೇ ಮೊದಲು ಮಾರು ಎಂಬ ಲೆಕ್ಕಾಚಾರಕ್ಕೆ ಈ ಬೆಲೆ ಇದ್ದೇ ಇದೆ. ಬಡ ರಾಜ್ಯಕ್ಕೆ ಬೇರೆ ದಾರಿ ಇತ್ತೇ? ನನಗೆ ಕಾಣುವುದಿಲ್ಲ.

ಅದೇ ಶೇಷಾದ್ರಿ ಅಯ್ಯರ್, ಅದೇ ವರ್ಷಗಳಲ್ಲಿ, ಇನ್ನೊಂದು ದೊಡ್ಡ ಕೆಲಸಕ್ಕೂ ಕೈಹಾಕಿದ್ದರು. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ನನ್ನ ತಾಯಿಯ ತವರು ಆ ಕಡೆಯದೇ, ಆದ್ದರಿಂದ ಪಕ್ಷಪಾತ ಬರದಂತೆ ಬರೆಯಲು ಪ್ರಯತ್ನಿಸುತ್ತೇನೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಗೋಡೆ ಎಬ್ಬಿಸಿದ್ದಾರೆ. ಇಷ್ಟು ಸಣ್ಣ ಗೋಡೆಗೆ ಅಷ್ಟು ದೊಡ್ಡ ಜಲಾಶಯ ಸಿಗುವ ಜಾಗ ಹುಡುಕಿದರೂ ಸಿಗದು. ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ಇಂಜಿನಿಯರ್ ಕಣ್ಣಿಗೆ ಅದು ಹಬ್ಬ. ತೊಂದರೆ ಏನೆಂದರೆ ಜಾಗ ಅಷ್ಟು ಹಿಡಿಯುತ್ತದೆ, ನದಿ ಅಷ್ಟು ತರುವುದಿಲ್ಲ. ವೇದಾವತಿ ಮಳೆ ಕಡಿಮೆಯ ಸೀಮೆಯ ನದಿ. ಕಟ್ಟಿದ ಮೇಲೆ 1933ರಲ್ಲಿ ಕೆರೆ ಕೋಡಿ ಬಿತ್ತು. ಆಮೇಲೆ ನಮ್ಮ ಅಜ್ಜ ಕಾದರು, ಮಾವಂದಿರು ಕಾದರು. ಅಮ್ಮ ಮದುವೆಯಾಗಿ ಹೋಗುವವರೆಗೂ ಪ್ರತಿ ವರ್ಷ "ಈ ಸಲ ಕೋಡಿ ಬೀಳುತ್ತೆ" ಎಂದು ಕೇಳಿಕೊಂಡೇ ಬೆಳೆದರಂತೆ.

ಹಾಗೆಂದು ಅದು ದಂಡದ ಕೆಲಸ ಎಂದು ನಾನು ಹೇಳಲಾರೆ. ಅರ್ಧ ತುಂಬಿದ ಕೆರೆಯೂ ಹಿರಿಯೂರು ಸೀಮೆಗೆ ತೆಂಗು, ಬಾಳೆ, ಅಡಿಕೆ ಕೊಟ್ಟಿದೆ, ಊರುಗಳಿಗೆ ಕುಡಿಯುವ ನೀರು ಕೊಟ್ಟಿದೆ. ಕ್ಷಾಮ ಕಂಡ ಜನಕ್ಕೆ ಅದನ್ನು ಕಟ್ಟುವ ಅಗತ್ಯ ಎಷ್ಟೆಂದು ನಾವು ಇಲ್ಲಿ ಕೂತು ಹೇಳುವುದು ಸುಲಭ. ಆದರೂ ಒಂದೇ ದಿವಾನರು ಒಂದೇ ಕಾಲದಲ್ಲಿ ಮಾಡಿದ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶಿವನಸಮುದ್ರದಲ್ಲಿ ಯಾರಿಗೆ ಎಷ್ಟು ಬೇಕು ಎಂಬುದು ಕಾಗದದಲ್ಲಿತ್ತು, ನದಿ ಕಣ್ಣೆದುರಿಗೆ ಧುಮುಕುತ್ತಿತ್ತು. ಮಾರಿಕಣಿವೆಯಲ್ಲಿ ಗೋಡೆಯ ಲೆಕ್ಕ ಪಕ್ಕಾ ಇತ್ತು, ಮಳೆಯ ಲೆಕ್ಕ ಆಸೆಯ ಮೇಲೆ ನಿಂತಿತ್ತು.

ಈಗ ಕನ್ನಂಬಾಡಿ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ನೌಕರಿ ಬಿಟ್ಟು 1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆದರು. ಶಿವನಸಮುದ್ರದ ಒಂದು ಕೊರತೆ ಆಗ ಎದ್ದು ಕಾಣುತ್ತಿತ್ತು. ಮಳೆಗಾಲದಲ್ಲಿ ಕಾವೇರಿ ಬೇಡವೆಂದರೂ ನೀರು ಕೊಡುತ್ತಾಳೆ, ಬೇಸಿಗೆಯಲ್ಲಿ ಬೇಡಿದರೂ ಕೊಡುವುದಿಲ್ಲ. ಗಣಿಗೆ ಹನ್ನೆರಡು ತಿಂಗಳೂ ವಿದ್ಯುತ್ ಬೇಕು. ಮೇಲೆಲ್ಲಾದರೂ ನೀರನ್ನು ನಿಲ್ಲಿಸಿ ಬೇಸಿಗೆಯಲ್ಲಿ ಬಿಡುವಂತಾದರೆ ಅದೇ ಜಲಪಾತದಿಂದ ಹೆಚ್ಚು ವಿದ್ಯುತ್ ತೆಗೆಯಬಹುದು, ಜೊತೆಗೆ ಹೊಲಗಳಿಗೆ ನಾಲೆ ತೆಗೆಯಬಹುದು. ಕನ್ನಂಬಾಡಿಯ ಯೋಜನೆ ಹುಟ್ಟಿದ್ದು ಹೀಗೆ. ಪೂರ್ತಿ ಯೋಜನೆಯ ಅಂದಾಜು 253 ಲಕ್ಷ ರೂಪಾಯಿ, ಸಂಸ್ಥಾನದ ಒಂದು ವರ್ಷದ ಇಡೀ ವರಮಾನಕ್ಕೆ ಹೆಚ್ಚುಕಡಿಮೆ ಸಮ.

ಹಣಕಾಸಿನ ಅಧಿಕಾರಿಗಳು ತಡೆದರು. ಇದು ನೋಡಲು ಭರ್ಜರಿಯಾದ ಯೋಜನೆ, ಆದರೆ ಅಷ್ಟು ವಿದ್ಯುತ್ತಿಗೆ ಗಿರಾಕಿ ಎಲ್ಲಿ ಎಂಬುದು ಅವರ ಆಕ್ಷೇಪ. ನಮ್ಮ ಕಥೆಗಳಲ್ಲಿ, ನಾಟಕಗಳಲ್ಲಿ ಈ ಅಧಿಕಾರಿಗಳು ಖಳನಾಯಕರಾಗಿ ಬರುತ್ತಾರೆ. ಮಹಾಪುರುಷನ ಕನಸಿಗೆ ಅಡ್ಡಗಾಲು ಹಾಕಿದ ಗುಮಾಸ್ತರು ಎಂಬಂತೆ. ನನಗೆ ಹಾಗನ್ನಿಸುವುದಿಲ್ಲ. ಅವರು ಕೇಳಿದ್ದು ಶೇಷಾದ್ರಿ ಅಯ್ಯರ್ ತಮ್ಮನ್ನು ತಾವೇ ಕೇಳಿಕೊಂಡಿದ್ದ ಪ್ರಶ್ನೆಯನ್ನೇ. ಆ ಪ್ರಶ್ನೆ ಬಂದದ್ದರಿಂದಲೇ ಯೋಜನೆಗೆ ಹೊಸ ರೂಪ ಬಂತೆಂದು ನನ್ನ ಊಹೆ. ವಿಶ್ವೇಶ್ವರಯ್ಯನವರು ದಿವಾನ್ ಆನಂದರಾಯರಿಗೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಲೆಕ್ಕ ಸಮೇತ ವಿವರಿಸಿದ ಮೇಲೆ, 1911ರ ಅಕ್ಟೋಬರಿನಲ್ಲಿ ಮಂಜೂರಾದದ್ದು 253 ಲಕ್ಷವಲ್ಲ, 81 ಲಕ್ಷ. ನವೆಂಬರಿನಲ್ಲಿ ಕೆಲಸ ಶುರುವಾಯಿತು.

ಇನ್ನೊಂದು ತಡೆ ಕೆಳಗಿನಿಂದ ಬಂತು. ಮದರಾಸು ಸರ್ಕಾರ ತಾನೂ ಮೆಟ್ಟೂರಿನಲ್ಲಿ ಕಟ್ಟುವ ಯೋಚನೆಯಲ್ಲಿದ್ದು, ಮೇಲೆ ಮೈಸೂರು ನೀರು ನಿಲ್ಲಿಸಿದರೆ ತಂಜಾವೂರಿನ ಗತಿಯೇನು ಎಂದು ಆಕ್ಷೇಪಿಸಿತು. ಭಾರತ ಸರ್ಕಾರ ಮೈಸೂರಿಗೆ ಸದ್ಯಕ್ಕೆ ಸಣ್ಣ ಕಟ್ಟೆಗೆ, 11 ಟಿಎಂಸಿ ಹಿಡಿಯುವಷ್ಟಕ್ಕೆ, ಒಪ್ಪಿಗೆ ಕೊಟ್ಟಿತು. ಮೈಸೂರಿನವರು ಸಣ್ಣ ಕಟ್ಟೆಯನ್ನೇ ಶುರು ಮಾಡಿದರು, ಆದರೆ ತಳಪಾಯವನ್ನು ದೊಡ್ಡ ಕಟ್ಟೆಗೆ ತಕ್ಕಷ್ಟು ಅಗಲ ಹಾಕಿದರು. ದೊಡ್ಡದಕ್ಕೆ ಅನುಮತಿ ಬಾರದಿದ್ದರೆ ಅಷ್ಟು ತಳಪಾಯದ ಖರ್ಚು ನಷ್ಟ. ಜೂಜು ಹೌದು, ಆದರೆ ಸೋತರೂ ಮನೆ ಹಾಳಾಗದಷ್ಟು ಅಳತೆಯ ಜೂಜು. ವೇಗಸ್ಸಿಗೆ ಹೋದ ನಮಗಿಂತ ಅವರು ಬುದ್ಧಿವಂತರು!

ವ್ಯಾಜ್ಯ ಪಂಚಾಯಿತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಒಪ್ಪದೆ ಲಂಡನ್ನಿನವರೆಗೆ ಹೋಗಿ ಅದನ್ನು ತಡೆಹಿಡಿಸಿತು. ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಕಡೆಯವರು ಸಹಿ ಹಾಕಿದರು. ಆ ಕಾಗದದ ಜಗಳ ನಮ್ಮ ಮೊಮ್ಮಕ್ಕಳ ಕಾಲಕ್ಕಾದರೂ ಮುಗಿಯುತ್ತದೋ ಇಲ್ಲವೋ. ಅದು ಬೇರೆ ಲೇಖನ.

ಈ ಹದಿಮೂರು ವರ್ಷ ಕಟ್ಟೆ ಕೆಲಸ ನಿಂತಿರಲಿಲ್ಲ. ಹತ್ತು ಸಾವಿರ ಜನ ದುಡಿದರು. ಸಿಮೆಂಟು ಆಮದು ಮಾಡಿಕೊಳ್ಳಬೇಕಿದ್ದ ಕಾಲ. ಅದರ ಬದಲು ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆ. ಹಣ ಪರದೇಶಕ್ಕೆ ಹೋಗದೆ ಸುತ್ತಮುತ್ತಲ ಗೂಡುಗಳಿಗೆ, ಗಾಡಿಯವರಿಗೆ ಹೋಯಿತು. ಗಣಿಗೆ ಹೆಚ್ಚಿನ ವಿದ್ಯುತ್ ಕೊಡುವ ಮಾತಾಗಿದ್ದರಿಂದ ಪ್ರವಾಹ, ಮಲೇರಿಯಾಗಳ ನಡುವೆಯೂ ರಾತ್ರಿ ದೀಪ ಹಾಕಿಕೊಂಡು ಗೋಡೆ ಎಬ್ಬಿಸಿದರು. ಅರ್ಧ ಎದ್ದ ಕಟ್ಟೆಯೇ ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ನೀರು ಬಿಡತೊಡಗಿತು. ಕಟ್ಟೆ ಮುಗಿಯುವ ಮೊದಲೇ ದುಡಿಯತೊಡಗಿತು ಎಂಬುದೇ ಹುಡುಗಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರದ ಮುಖ್ಯ ಭಾಗ. ಉಳಿದದ್ದು ಸಂಸ್ಥಾನದ ವರ್ಷ ವರ್ಷದ ಕಂದಾಯ, ಅಬಕಾರಿ, ಕಾಡು, ಚಿನ್ನದ ಗಣಿಯ ರಾಜಧನ.

ನಾಲೆಗಳಿಗೆ ಕೈಹಾಕಿದ್ದು ಕೊನೆಗೆ. ಮಂಡ್ಯದ ಹೊಲಗಳಿಗೆ ನೀರು ಕೊಟ್ಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಶುರುವಾದದ್ದು 1927ರಲ್ಲಿ. ಕಟ್ಟೆಗೆ ಕಲ್ಲಿಟ್ಟು ಹದಿನಾರು ವರ್ಷದ ಮೇಲೆ! ಹುಲಿಕೆರೆಯ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು ನೀರು ಹಾಯಿಸಿದರು. 1930ರ ದಶಕದಲ್ಲಿ ನೀರು ಹರಿದ ಮೇಲೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ. ನಮ್ಮ ಮಿತ್ರರ ತಾತ ಅಷ್ಟೂ ವರ್ಷ ರಾಗಿ ಬೆಳೆದುಕೊಂಡು ಕಾದರು. ಕಾಯಿಸಿದ್ದು ಸರಿಯೇ ಎಂದು ಅವರನ್ನೇ ಕೇಳಬೇಕಿತ್ತು. ಹಾಗೆಯೇ, ನೀರಿನಡಿ ಹೋದ ಹಳೆಯ ಕನ್ನಂಬಾಡಿಯವರನ್ನೂ. ಐದರಿಂದ ಹತ್ತು ಸಾವಿರ ಜನ ಮನೆ ಮಠ ಬಿಟ್ಟರೆಂಬ ಅಂದಾಜಿದೆ. ಬದಲಿ ಭೂಮಿ ಕೊಟ್ಟರು, ನಿಜ. ಆದರೆ 253 ಲಕ್ಷದ ಅಂದಾಜಿನಲ್ಲಿ ತಾತ ಮುತ್ತಾತನ ಮನೆಯಂಗಳಕ್ಕೆ ಎಷ್ಟು ಬರೆದಿದ್ದರು?

ಇಷ್ಟೆಲ್ಲ ಲೆಕ್ಕ ಬಲ್ಲ ವಿಶ್ವೇಶ್ವರಯ್ಯನವರಿಗೂ ಭದ್ರಾವತಿಯಲ್ಲಿ ಲೆಕ್ಕ ಕೈಕೊಟ್ಟಿತು. ಅವರು 1912ರ ನವೆಂಬರಿನಿಂದ 1918ರವರೆಗೆ ದಿವಾನರು. ಮೊದಲ ಮಹಾಯುದ್ಧದ ಕಾಲ, ಕಬ್ಬಿಣಕ್ಕೆ ಬಂಗಾರದ ಬೆಲೆ. ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿದೆ. ಕಲ್ಲಿದ್ದಲು ಇಲ್ಲ, ಆದರೆ ಮಲೆನಾಡಿನ ಕಾಡಿದೆ. ಮರ ಸುಟ್ಟು ಇದ್ದಿಲು ಮಾಡಿ ಅದರಿಂದ ಬೀಡು ಕಬ್ಬಿಣ ಕರಗಿಸುವುದು, ಮರ ಸುಡುವಾಗ ಬರುವ ಮದ್ಯಸಾರ, ಡಾಂಬರು ಮುಂತಾದ್ದನ್ನೂ ಮಾರುವುದು ಎಂಬ ಯೋಜನೆ. ಕೇಳಲು ಅಚ್ಚುಕಟ್ಟು. ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಅದೇ 1923ರಲ್ಲಿ ಜರ್ಮನಿಯವರು ಮರವಿಲ್ಲದೆಯೇ ಮರದ ಮದ್ಯಸಾರ ತಯಾರಿಸಲು ಆರಂಭಿಸಿದರು. ಹತ್ತಿರದಲ್ಲಿ ಗಿರಾಕಿ ಇಲ್ಲ. ದೂರದ ಅಮೆರಿಕಕ್ಕೆ ಕಬ್ಬಿಣ ಕಳಿಸುವ ಪಾಡು. ಕೋಲಾರದಂತೆ ಕರಾರು ಮಾಡಿಕೊಂಡು ಕಾದಿದ್ದವರು ಇಲ್ಲಿ ಯಾರೂ ಇರಲಿಲ್ಲ.

ದಿವಾನಗಿರಿ ಬಿಟ್ಟಿದ್ದ ಅವರನ್ನೇ 1923ರಲ್ಲಿ ಕರೆದು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ನನಗೆ ಈ ಅಧ್ಯಾಯವೇ ಅವರ ಬಾಳಿನಲ್ಲಿ ಅತ್ಯಂತ ಇಷ್ಟ. ತಾನು ಹುಟ್ಟಿಸಿದ ನಷ್ಟದ ಮುಂದೆ ಅರವತ್ತು ದಾಟಿದ ಮನುಷ್ಯ ಹೋಗಿ ಕುಳಿತರು. ಖರ್ಚು ಕಡಿತ ಮಾಡಿದರು, ವಿದೇಶಿ ತಜ್ಞರ ಜಾಗಕ್ಕೆ ನಮ್ಮ ಹುಡುಗರನ್ನು ತಯಾರು ಮಾಡಿದರು, ಆರು ವರ್ಷ ಹೆಣಗಿ 1929ರಲ್ಲಿ ಬಿಟ್ಟರು. ಮುಂದೆ ಉಕ್ಕು, ಸಿಮೆಂಟು ಸೇರಿ ಕಾರ್ಖಾನೆ ದಶಕಗಳ ಕಾಲ ಭದ್ರಾವತಿಯ ಸಾವಿರಾರು ಮನೆಗಳಿಗೆ ಅನ್ನ ಹಾಕಿತು. 2023ರ ಜನವರಿಯಲ್ಲಿ, ಉತ್ಪಾದನೆ ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, ಉಕ್ಕು ಪ್ರಾಧಿಕಾರ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಕಾರ್ಮಿಕರು ಬೀದಿಗಿಳಿದು ಹೋರಾಡಿದ ಮೇಲೆ ಅದೇ ಆಗಸ್ಟ್‌ನಲ್ಲಿ ಒಂದು ಭಾಗ ಮತ್ತೆ ಓಡತೊಡಗಿತು. ನಮ್ಮ ಸಂಘದಲ್ಲೇ ಭದ್ರಾವತಿಯ ಕಾರ್ಖಾನೆ ಶಾಲೆಯಲ್ಲಿ ಓದಿದವರು ಇಬ್ಬರಿದ್ದಾರೆ. ಅದು ಲಾಭವೋ ನಷ್ಟವೋ ಎಂದು ಅವರ ಮುಂದೆ ಕೇಳುವ ಧೈರ್ಯ ನನಗಿಲ್ಲ.

ಅದೇ ಯುದ್ಧಕಾಲದ ಇನ್ನೊಂದು ಸಣ್ಣ ಕೆಲಸ ಸದ್ದಿಲ್ಲದೆ ಗೆದ್ದಿತು. ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುತ್ತಿದ್ದವರು ಅವರು. ಯುದ್ಧ ಬಂದು ಹಡಗು ನಿಂತಾಗ ಗಂಧ ಇಲ್ಲೇ ಕೊಳೆಯತೊಡಗಿತು. 1916ರಲ್ಲಿ ಸರ್ಕಾರವೇ ಎಣ್ಣೆ ತೆಗೆಯತೊಡಗಿತು. ಕಚ್ಚಾಮಾಲು ಮನೆಯಲ್ಲಿ, ಕೊಳ್ಳುವವರು ಪ್ರಪಂಚದ ತುಂಬ, ಪೈಪೋಟಿ ಇಲ್ಲವೇ ಇಲ್ಲ ಎನ್ನುವಷ್ಟು. ನಮ್ಮ ಬಚ್ಚಲುಮನೆಗಳಲ್ಲಿ ಇಂದಿಗೂ ಇರುವ ಮೈಸೂರು ಸ್ಯಾಂಡಲ್ ಸಾಬೂನು ಅದರ ಮಗು.

ಈ ಓದು ನನ್ನ ಸ್ವಂತ ಗಾಯವನ್ನೂ ಕೆದಕಿತು. ಕೆಲವು ವರ್ಷದ ಹಿಂದೆ ನಾವು ನಾಲ್ಕಾರು ಗೆಳೆಯರು ದುಡ್ಡು ಹಾಕಿ ನನ್ನ ಊರಿನ ಶಾಲೆಗೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಕೊಡಿಸಿದ್ದೆವು. ಹಾರ, ಶಾಲು, ಕಲ್ಲಿನ ಮೇಲೆ ಹೆಸರು ಎಲ್ಲ ಆಯಿತು. ಮುಂದಿನ ಸಲ ಹೋದಾಗ ಕೊಠಡಿಗೆ ಬೀಗ. ಫಿಲ್ಟರ್ ಬದಲಿಸಲು ವರ್ಷಕ್ಕೊಂದಿಷ್ಟು ಹಣ ಬೇಕು, ಅದನ್ನು ಯಾರು ಕೊಡಬೇಕೆಂದು ಯಾರೂ ಮಾತಾಡಿರಲಿಲ್ಲ, ನಾನೂ ಮಾತಾಡಿರಲಿಲ್ಲ. ಇಂಥ ತಪ್ಪು ದೇಶ ದೇಶಗಳೇ ಮಾಡುತ್ತವೆ. ಸರ್ಕಾರಗಳು ಇಂಥ ಕೆಲಸಗಳಿಗೆ ಹಾಕುವ ಹಣದಲ್ಲಿ ಸರಾಸರಿ ಮೂರನೇ ಒಂದು ಪಾಲಿನಷ್ಟು ಫಲ ಕೊಡದೆ ಸೋರಿಹೋಗುತ್ತದೆ ಎಂದು ಐಎಂಎಫ್ 2015ರಲ್ಲಿ ಅಂದಾಜು ಮಾಡಿತ್ತು. ನಮ್ಮ ಯಂತ್ರದಲ್ಲಿ ಮೂರಕ್ಕೆ ಮೂರೂ ಸೋರಿತ್ತು. ನಮ್ಮ ಸಂಘ ಈ ವರ್ಷ ಊರಿನಲ್ಲೊಂದು ವಾಚನಾಲಯ ಕಟ್ಟಿಸುವ ಮಾತು ಮುಂದಿನ ಸಭೆಯಲ್ಲಿ ಬರಲಿದೆಯಷ್ಟೆ. ಅಲ್ಲಿ ನಾನು ಎದ್ದು ನಿಂತು "ಮೂರನೆಯ ವರ್ಷ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?" ಎಂದು ಕೇಳಿದರೆ ದಯವಿಟ್ಟು ಯಾರೂ ಬೇಸರಿಸಿಕೊಳ್ಳಬಾರದು. ಮೈಸೂರಿನ ಹಣಕಾಸಿನ ಅಧಿಕಾರಿಗಳ ವಂಶದವನು ಎಂದುಕೊಳ್ಳಿ.

ಮಾರಿಕಣಿವೆಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 2022ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ನಮ್ಮ ಸೋದರಮಾವನ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ. ಕೋಡಿಯ ಮೇಲೆ ಕೆಂಪು ನೀರು ತೆಳ್ಳಗೆ ಹರಿಯುತ್ತಿದೆ, ದಡದಲ್ಲಿ ಜಾತ್ರೆಯಂತೆ ಜನ, ಹೆಂಗಸರು ಬಾಗಿನ ಹಿಡಿದು ನಿಂತಿದ್ದಾರೆ. 89 ವರ್ಷದ ಮೇಲೆ ಕೋಡಿ ಬಿದ್ದಿತ್ತು. ಆ ವರ್ಷ ಮಳೆ ಜೋರು. ಅದರ ಮೇಲೆ ಭದ್ರಾ ನದಿಯ ನೀರನ್ನೂ ಆ ಕಡೆಗೆ ಹಾಯಿಸುವ ಕೆಲಸ ಅಷ್ಟರಲ್ಲಿ ಶುರುವಾಗಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಮೊದಲ ಸಲದ ವಿಡಿಯೋವನ್ನು ನಾನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ನಮ್ಮಪ್ಪ ಇದ್ದಿದ್ದರೆ..." ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗಿನ ತೋಟಗಳಿಗೆ ನೀರು ನುಗ್ಗಿತೇನೋ, ಫೋನ್ ಮಾಡಿ ಕೇಳು" ಎಂದರು.